ಶಂಕರರ ಭೈರವಿ, ನಮ್ಮ ರೇಡಿಯೋ

“ಸಿನಿಮಾ ಹಾಡೂ ಒಂದು ಸಂಗೀತವೇ?” ದೇವದುರ್ಗದ ತವರಿನಲ್ಲೂ ಮಾನ್ವಿಯ ಗಂಡನ ಮನೆಯಲ್ಲೂ ಈ ಮಾತು ಕೇಳಿದವಳು ನಾನು. ಶಂಕರ್-ಜೈಕಿಶನ್ ಜೋಡಿಯ ಶಂಕರರ ಮೊದಲ ದಿನಗಳನ್ನು ನೆನೆದರೆ ಆ ಮಾತು ನಿಲ್ಲುವುದಿಲ್ಲ. 1956ರವರೆಗೆ ನಮ್ಮ ರಾಯಚೂರು ಹೈದರಾಬಾದ್ ರಾಜ್ಯದಲ್ಲಿತ್ತಲ್ಲ, ಆ ಹೈದರಾಬಾದಿನಲ್ಲೇ ಬೆಳೆದವರು ಅವರು. ತಬಲಾ ಕಲಿತು, ಅದರ ಬಲದಿಂದಲೇ ಮುಂಬಯಿಯ ಪೃಥ್ವಿ ಥಿಯೇಟರ್ಸ್ ಸೇರಿದರು. ಅಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಜೈಕಿಶನ್ ಜೊತೆಗೂಡಿ 1949ರಲ್ಲಿ ರಾಜ್ ಕಪೂರರ ‘ಬರ್ಸಾತ್’ಗೆ ಸಂಗೀತ ಕೊಟ್ಟರು.

ಬರೀ ವಾದ್ಯಗಳ ಅಬ್ಬರವೆಂದು ಹೀಗಳೆಯುವವರು 1956ರ ‘ಬಸಂತ್ ಬಹಾರ್’ ಕೇಳಬೇಕು. ಕಥೆ ನಮ್ಮ ತ.ರಾ.ಸು. ಅವರ ‘ಹಂಸಗೀತೆ’ಯದು, ಮನ್ನಾ ಡೇ ಜೊತೆ ಹಾಡಿದವರು ನಮ್ಮ ಗದಗಿನ ಭೀಮಸೇನ ಜೋಶಿ. ರಾಗ ಕೆಟ್ಟಿಲ್ಲ, ಕೇಳುವವರಿಗೆ ಭಾರವೂ ಆಗಿಲ್ಲ. ಎಲ್ಲ ಚಿತ್ರಗಳಲ್ಲೂ ಈ ಹದವಿಲ್ಲ, ನಿಜ. 1971ರಲ್ಲಿ ಜೈಕಿಶನ್ ತೀರಿಕೊಂಡ ಮೇಲಂತೂ ಎಷ್ಟೋ ಕಡೆ ವಾದ್ಯಗಳೇ ಹಾಡನ್ನು ನುಂಗಿದವು.

ಆದರೆ ಮೇಷ್ಟ್ರ ಬಳಿ ಸಂಗೀತ ಕಲಿಯಲು ಅಪ್ಪಣೆಯಿಲ್ಲದ ನಮ್ಮಂಥವರಿಗೆ ಅಡುಗೆಮನೆಯ ರೇಡಿಯೋವೇ ಶಾಲೆ. ಶಂಕರರಿಗೆ ಪ್ರಿಯವಾದ ಭೈರವಿ ನನಗೆ ಪರಿಚಯವಾದದ್ದು ಅಲ್ಲೇ. ಮಗಳು ಸಿನಿಮಾ ಹಾಡು ಗುನುಗಿದರೆ ಗದರಬೇಡಿ, ಅಕ್ಕಂದಿರೇ. ಆದರೆ ಒಂದು ಹಾರ್ಮೋನಿಯಂ ಕೊಡಿಸಿ.