ಶಾಸನದ ಶಾಂತಲೆ ಮತ್ತು ಕಾದಂಬರಿಯ ಶಾಂತಲೆ: ಕವಿಸ್ವಾತಂತ್ರ್ಯದ ಮೇರೆ

ಚಾರಿತ್ರಿಕ ಕಾದಂಬರಿಯಲ್ಲಿ ಚರಿತ್ರಾಂಶವೆಷ್ಟಿರಬೇಕು, ಕಲ್ಪನಾಂಶವೆಷ್ಟಿರಬಹುದು ಎಂಬ ಪ್ರಶ್ನೆ ಕನ್ನಡ ವಿಮರ್ಶೆಗೆ ಹೊಸದಲ್ಲ. ಸಾಹಿತ್ಯವಿಮರ್ಶಕರು ಇದನ್ನು ರಸದೃಷ್ಟಿಯಿಂದ ವಿಚಾರಿಸಿದ್ದಾರೆ. ಇತಿಹಾಸಕಾರರು ಪ್ರಮಾಣದೃಷ್ಟಿಯಿಂದ ವಿಚಾರಿಸಿದ್ದಾರೆ. ಹಸ್ತಪ್ರತಿ ಹಾಗೂ ಶಾಸನಗಳ ಪರಿಷ್ಕರಣದಲ್ಲಿ ತೊಡಗಿರುವವರಿಗೂ ಈ ವಿಷಯದಲ್ಲಿ ಹೇಳಬೇಕಾದ ಮಾತೊಂದಿದೆ. ಪಾಠವೆಲ್ಲಿ ಮುಗಿಯಿತು, ಊಹೆಯೆಲ್ಲಿ ಮೊದಲಾಯಿತು ಎಂಬುದನ್ನು ಗುರುತಿಸುವುದೇ ಅವರ ನಿತ್ಯದ ಕೆಲಸ. ಆ ದೃಷ್ಟಿಯಿಂದ ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲದೇವಿಯನ್ನು ಕುರಿತ ಕಥನಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕವಿಗೆ ಸ್ವಾತಂತ್ರ್ಯವೇ ಇಲ್ಲವೆನ್ನುವುದು ನಮ್ಮ ಕಾವ್ಯಮೀಮಾಂಸೆಗೆ ಸಮ್ಮತವಲ್ಲ. ಇತಿವೃತ್ತವನ್ನು ಹೇಳಿ ಮುಗಿಸುವುದಷ್ಟೇ ಕವಿಯ ಪ್ರಯೋಜನವಲ್ಲ, ಆ ಕಾರ್ಯ ಇತಿಹಾಸದಿಂದಲೇ ಸಿದ್ಧವಾಗುತ್ತದೆ ಎಂಬುದು ಆನಂದವರ್ಧನನ ಅಭಿಪ್ರಾಯ. ರಸಕ್ಕೆ ಹೊಂದದ ಪ್ರಸಂಗವನ್ನು ಬಿಟ್ಟು ಬೇರೊಂದನ್ನು ಕಲ್ಪಿಸಿಕೊಳ್ಳಲು ಆತನು ಕವಿಗೆ ಅನುಮತಿಯನ್ನೂ ನೀಡುತ್ತಾನೆ. ಆದರೆ ಅನೌಚಿತ್ಯದ ಹೊರತು ರಸಭಂಗಕ್ಕೆ ಬೇರೆ ಕಾರಣವಿಲ್ಲವೆಂದವನೂ ಆತನೇ. ಎಂದರೆ, ಕೊಟ್ಟ ಸ್ವಾತಂತ್ರ್ಯಕ್ಕೆ ಔಚಿತ್ಯವೆಂಬ ಕಟ್ಟಳೆಯನ್ನೂ ಆತನು ಜೊತೆಗೇ ವಿಧಿಸಿದ್ದಾನೆ.

ಕನ್ನಡದಲ್ಲಿ ಇದಕ್ಕೆ ಉತ್ತಮ ನಿದರ್ಶನ ಪಂಪನದು. ೧೦ನೆಯ ಶತಮಾನದ ಈ ಜೈನಕವಿ ತನ್ನ ವಿಕ್ರಮಾರ್ಜುನವಿಜಯದಲ್ಲಿ ವೇಮುಲವಾಡದ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದನು. ಅದಕ್ಕೆ ತಕ್ಕಂತೆ ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯನ್ನಾಗಿ ಮಾಡಿದನು. ಮೂಲಕಥೆಯಲ್ಲಿ ಇದಕ್ಕಿಂತ ದೊಡ್ಡ ಮಾರ್ಪಾಡು ಯಾವುದಿದ್ದೀತು? ಆದರೂ ಪಂಪನು ಓದುಗನನ್ನು ವಂಚಿಸಿದನೆಂದು ಯಾರೂ ಹೇಳುವುದಿಲ್ಲ. ಅರಿಕೇಸರಿಯನ್ನು ಕಥಾನಾಯಕನೊಡನೆ ಹೋಲಿಸಿ ಹೇಳುವ ಉದ್ದೇಶವನ್ನು ಆತನು ಕಾವ್ಯಾರಂಭದಲ್ಲಿಯೇ ತಿಳಿಸಿದ್ದಾನೆ. ಅದೇ ಕವಿ ತನ್ನ ವಂಶವನ್ನೂ ತಾನು ಪಡೆದ ಧರ್ಮವುರದ ಅಗ್ರಹಾರವನ್ನೂ ಕುರಿತು ನುಡಿದ ಮಾತುಗಳಿಗೆ ಆತನ ತಮ್ಮ ಜಿನವಲ್ಲಭನ ಕುರಿಕ್ಯಾಲ ಶಾಸನದಿಂದ ಪುಷ್ಟಿ ದೊರೆಯುತ್ತದೆ. ಸ್ವಾತಂತ್ರ್ಯ ವಹಿಸಿದೆಡೆಯಲ್ಲಿ ಹೇಳಿ ವಹಿಸಿದನು. ಸಂಗತಿಯನ್ನು ತಿಳಿಸಬೇಕಾದೆಡೆಯಲ್ಲಿ ಸಂಗತಿಯನ್ನೇ ತಿಳಿಸಿದನು. ಇವೆರಡನ್ನೂ ಬೆರೆಸದಿರುವುದು ಪಂಪನು ಹಾಕಿಕೊಟ್ಟ ಮೇಲ್ಪಂಕ್ತಿ.

ಇನ್ನು ಶಾಂತಲದೇವಿಯ ವಿಷಯ. ಶಾಸನಗಳಿಂದ ಖಚಿತವಾಗಿ ತಿಳಿದುಬರುವ ಸಂಗತಿಗಳು ಕೆಲವೇ. ಆಕೆಯ ತಂದೆ ಪೆರ್ಗಡೆ ಮಾರಸಿಂಗಯ್ಯ ಶೈವ. ತಾಯಿ ಮಾಚಿಕಬ್ಬೆ ಜಿನಭಕ್ತೆ. ಆಕೆಯ ಗುರು ಪ್ರಭಾಚಂದ್ರ ಸಿದ್ಧಾಂತದೇವ. ಬೇಲೂರಿನಲ್ಲಿ ವಿಷ್ಣುವರ್ಧನನು ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದ್ದು ೧೧೧೭ರಲ್ಲಿ. ಅಲ್ಲಿಯೇ ಇರುವ ಚೆನ್ನಿಗರಾಯನ ಗುಡಿ ಶಾಂತಲೆಯದು. ೧೧೨೩ರಲ್ಲಿ ಆಕೆ ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ ಶಾಂತಿನಾಥನ ಬಸದಿಯನ್ನು ಕಟ್ಟಿಸಿದಳು. 'ಸವತಿಗಂಧವಾರಣೆ' ಎಂಬುದು ಆಕೆಯ ಬಿರುದು. ಬಸದಿಗೂ ಅದೇ ಹೆಸರು ನಿಂತಿತು. ವಿರೋಧಿಕೃತ್ ಸಂವತ್ಸರದ ಚೈತ್ರ ಶುದ್ಧ ಪಂಚಮಿ ಸೋಮವಾರ, ಎಂದರೆ ೧೧೩೧ರಲ್ಲಿ, ಆಕೆ ಶಿವಗಂಗೆಯ ತೀರ್ಥದಲ್ಲಿ ಸ್ವರ್ಗಸ್ಥಳಾದಳೆಂದು ಚಂದ್ರಗಿರಿಯ ಶಾಸನ ತಿಳಿಸುತ್ತದೆ. ಮಗಳ ಅಗಲಿಕೆಯನ್ನು ತಾಳಲಾರದೆ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಗುರುಗಳ ಸನ್ನಿಧಿಯಲ್ಲಿ ಒಂದು ತಿಂಗಳು ಅನಶನವ್ರತವಿದ್ದು, ಪಂಚಪದವನ್ನು ಸ್ಮರಿಸುತ್ತ ಸನ್ಯಸನದಿಂದ ಮುಡಿಪಿದಳೆಂಬುದೂ ಅದೇ ಶಾಸನದ ವಿಷಯ.

ಓಲೆಗರಿಯ ಗ್ರಂಥವನ್ನು ಪರಿಷ್ಕರಿಸುವವನ ಮುಂದೆ ಮೂರು ಬಗೆಯ ಸ್ಥಳಗಳಿರುತ್ತವೆ. ಅಕ್ಷರ ಸ್ಪಷ್ಟವಾಗಿರುವ ಸ್ಥಳ ಒಂದು; ಗರಿ ಮುರಿದು ಅಥವಾ ಹುಳು ತಿಂದು ಪಾಠ ತ್ರುಟಿತವಾದ ಸ್ಥಳ ಮತ್ತೊಂದು; ಲಿಪಿಕಾರನು ತನಗೆ ತೋಚಿದ್ದನ್ನು ಸೇರಿಸಿದ ಪ್ರಕ್ಷಿಪ್ತ ಸ್ಥಳ ಮೂರನೆಯದು. ಮೊದಲನೆಯದನ್ನು ತಿದ್ದುವ ಅಧಿಕಾರ ಸಂಪಾದಕನಿಗಿಲ್ಲ. ಎರಡನೆಯದನ್ನು ಛಂದಸ್ಸಿಗೂ ಅರ್ಥಕ್ಕೂ ಹೊಂದುವಂತೆ ಆತನು ತುಂಬಬಹುದು. ಆದರೆ ತುಂಬಿದ್ದನ್ನು ಕಂಸದಲ್ಲಿಡಬೇಕು. ಮೂರನೆಯದನ್ನು ಕೆಳಗಿಳಿಸಬೇಕು. ಕಾದಂಬರಿಕಾರನ ಸ್ಥಿತಿಯೂ ಬಹುಮಟ್ಟಿಗೆ ಇದೇ. ವ್ಯತ್ಯಾಸವೊಂದೇ, ಆತನಿಗೆ ಕಂಸವಿಲ್ಲ. ಶಾಸನದ ಮಾತೂ ಆತನ ಕಲ್ಪನೆಯೂ ಒಂದೇ ಸಾಲಿನಲ್ಲಿ ಒಂದೇ ಅಕ್ಷರದಲ್ಲಿ ಅಚ್ಚಾಗುತ್ತವೆ. ಹಾಗೆ ಬೆರೆಸದೆ ಕಾದಂಬರಿಯಾಗದು. ಬೆರೆತದ್ದನ್ನು ಓದುಗನು ತಾನಾಗಿ ಬೇರ್ಪಡಿಸಲಾರ. ಈ ಪ್ರಶ್ನೆಯ ಬೇರಿರುವುದು ಇಲ್ಲಿಯೇ.

ಸಿ. ಕೆ. ನಾಗರಾಜರಾವ್ ಅವರ ಬೃಹತ್ ಕಾದಂಬರಿ 'ಪಟ್ಟಮಹಾದೇವಿ ಶಾಂತಲದೇವಿ' ಶಾಸನಗಳ ಅಭ್ಯಾಸದಿಂದ ಹುಟ್ಟಿದ ಕೃತಿ. ಭಾರತೀಯ ಜ್ಞಾನಪೀಠದ ಮೂರ್ತಿದೇವಿ ಪ್ರಶಸ್ತಿ ೧೯೮೩ರಲ್ಲಿ ಇದಕ್ಕೆ ಸಂದಿತು. ಇದರಲ್ಲಿ ಬೋಕಿಮಯ್ಯನೆಂಬ ಗುರು ಬಾಲಿಕೆಯಾದ ಶಾಂತಲೆಗೆ ವಿದ್ಯೆ ಕಲಿಸುತ್ತಾನೆ. ಬೋಕಿಮಯ್ಯನೆಂಬ ಹೆಸರು ಕಲ್ಪಿತವಲ್ಲ. ಶಾಂತಲೆಯ ಮರಣವನ್ನು ತಿಳಿಸುವ ಶಾಸನದ ಲೇಖಕನ ಹೆಸರದು. ಆತನು ಆಕೆಯ ಗುರುವಾಗಿದ್ದನೆಂದು ಶಾಸನ ಹೇಳುವುದಿಲ್ಲ, ಆಗಿರಲಿಲ್ಲವೆಂದೂ ಹೇಳುವುದಿಲ್ಲ. ಕಾದಂಬರಿಕಾರರು ಈ ಮೌನವನ್ನು ತುಂಬಿದ್ದಾರೆ. ಶಿಷ್ಯೆಯ ಮರಣಶಾಸನವನ್ನು ಗುರುವೇ ಬರೆಯಬೇಕಾಗಿ ಬಂದ ಕರುಣಸನ್ನಿವೇಶ ಇದರಿಂದ ಒದಗುತ್ತದೆ. ಇದು ಯೋಗ್ಯವಾದ ಪೂರಣ. ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ರಾಣಿ ಚಂದಲದೇವಿ ಬಳ್ಳಿಗಾವೆಯಲ್ಲಿ ಮಾರಸಿಂಗಯ್ಯನ ಮನೆಯಲ್ಲಿ ಅಜ್ಞಾತಳಾಗಿ ತಂಗಿದ್ದಳೆಂಬ ಪ್ರಸಂಗಕ್ಕೆ ಇಂಥ ಎಳೆಯೂ ಇಲ್ಲ. ಅದು ಶುದ್ಧ ಕಲ್ಪನೆ. ಆದರೂ ಅದು ತಿಳಿದ ಯಾವ ಸಂಗತಿಯನ್ನೂ ಅಳಿಸುವುದಿಲ್ಲ. ಅದನ್ನು ಕಥೆಯೆಂದು ಓದಿದರೆ ಹಾನಿಯಿಲ್ಲ. ಬಳ್ಳಿಗಾವೆಯ ಇತಿಹಾಸವೆಂದು ಉದ್ಧರಿಸಿದರೆ ಹಾನಿಯಿದೆ.

ನಿಜವಾದ ತೊಡಕು ಶಿವಗಂಗೆಯಲ್ಲಿ ಎದುರಾಗುತ್ತದೆ. ಅಲ್ಲಿನ ಬೆಟ್ಟದ ಒಂದು ಕಡಿದಾದ ಅಂಚನ್ನು ತೋರಿಸಿ, ಶಾಂತಲೆ ಅಲ್ಲಿಂದ ಬಿದ್ದು ಪ್ರಾಣ ಕಳೆದುಕೊಂಡಳೆಂದು ಸ್ಥಳದ ಜನ ಹೇಳುತ್ತಾರೆ. ಸಂತಾನವಿಲ್ಲದ ಕೊರಗಿನಿಂದ, ಸವತಿಗೆ ಎಡೆಮಾಡಿಕೊಡಲೆಂದು ಹಾಗೆ ಮಾಡಿದಳೆಂಬುದು ಈ ಐತಿಹ್ಯಕ್ಕೆ ಕೂಡಿಕೊಂಡ ಕಾರಣ. ಕಥೆ, ನಾಟಕ, ಪ್ರವಾಸಿಗಳಿಗೆ ಹೇಳುವ ವಿವರಣೆ ಇವುಗಳ ಮೂಲಕ ಇದು ಎಷ್ಟು ಬೇರೂರಿದೆಯೆಂದರೆ, ವಿದ್ಯಾವಂತರೂ ಇದನ್ನು ಶಾಸನೋಕ್ತವೆಂದು ನಂಬಿದ್ದಾರೆ. ಶಾಸನದಲ್ಲಿ ಇದರ ಸುಳಿವಿಲ್ಲ. ಕಥೆ ಹುಟ್ಟಿದ ಬಗೆಯನ್ನು ಊಹಿಸುವುದು ಕಷ್ಟವಲ್ಲ. ಶಾಂತಲೆ ತೀರಿಕೊಂಡದ್ದು ೧೧೩೧ರಲ್ಲಿ; ಲಕ್ಷ್ಮೀದೇವಿಯಲ್ಲಿ ವಿಷ್ಣುವರ್ಧನನಿಗೆ ಕುಮಾರನು ಜನಿಸಿದ ಸಂತೋಷವನ್ನು ಹಳೇಬೀಡಿನ ಶಾಸನ ತಿಳಿಸುವುದು ೧೧೩೩ರಲ್ಲಿ. ಈ ಎರಡು ಘಟನೆಗಳ ಸಾಮೀಪ್ಯವನ್ನೇ ಕಾರ್ಯಕಾರಣವೆಂದು ಎಣಿಸಿದಾಗ ತ್ಯಾಗದ ಕಥೆ ಸಿದ್ಧವಾಗುತ್ತದೆ.

ಈ ಕಥೆಯನ್ನು ಔಚಿತ್ಯದಿಂದಲೂ ಪರೀಕ್ಷಿಸಬೇಕು. ಸವತಿಯರೆಂಬ ಆನೆಗಳಿಗೆ ಮದಗಜವೆಂಬ ಬಿರುದನ್ನು ಹೊತ್ತು, ಅದೇ ಹೆಸರಿನ ಬಸದಿಯನ್ನು ನಿಲ್ಲಿಸಿದ ರಾಣಿಯ ಚಿತ್ರ ಒಂದು. ಸವತಿಗೆ ದಾರಿಬಿಡಲು ಬೆಟ್ಟದಿಂದ ಬೀಳುವ ಅಬಲೆಯ ಚಿತ್ರ ಇನ್ನೊಂದು. ಇವೆರಡೂ ಒಂದೇ ವ್ಯಕ್ತಿಯಲ್ಲಿ ಸೇರಬೇಕಾದರೆ ಕಾದಂಬರಿಕಾರನು ಬಹುಶ್ರಮಪಟ್ಟು ಆ ಪರಿವರ್ತನೆಯನ್ನು ಕಟ್ಟಿಕೊಡಬೇಕು. ಇದಕ್ಕಿಂತ ಗಂಭೀರವಾದುದು ಧರ್ಮದ ಪ್ರಶ್ನೆ. ಸಲ್ಲೇಖನ ಆತ್ಮವಧೆಯಲ್ಲವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಯುಕ್ತಿಪೂರ್ವಕವಾಗಿ ಸ್ಥಾಪಿಸಿದ್ದಾರೆ; ರಾಗದ್ವೇಷಗಳ ವಶವಾಗಿ ಪ್ರಾಣ ನೀಗುವುದು ಬೇರೆ, ಅವುಗಳನ್ನು ನೀಗಿ ದೇಹವನ್ನು ಬಿಡುವುದು ಬೇರೆ. ಪ್ರಭಾಚಂದ್ರ ಸಿದ್ಧಾಂತದೇವರ ಶಿಷ್ಯೆಗೆ ಈ ಭೇದ ತಿಳಿದಿರಲಿಲ್ಲವೆನ್ನಲಾದೀತೆ? ಆಕೆಗೆ ಆತ್ಮಹತ್ಯೆಯನ್ನು ಹೊರಿಸುವುದೆಂದರೆ ಆಕೆ ಜೀವಮಾನವಿಡೀ ಆಚರಿಸಿದ ಧರ್ಮದಿಂದ ಆಕೆಯನ್ನು ಜಾರಿಸುವುದೆಂದೇ ಅರ್ಥ. ಆಧಾರವಿಲ್ಲದೆ ಇಷ್ಟು ದೊಡ್ಡ ಆರೋಪವನ್ನು ಹೊರಿಸಲು ಯಾವ ಕವಿಸ್ವಾತಂತ್ರ್ಯವೂ ಸಾಲದು.

ಆದರೆ ಇದೇ ಒರೆಗಲ್ಲಿಗೆ ನಮ್ಮ ಪಂಡಿತರ ಮಾತನ್ನೂ ಹಚ್ಚಬೇಕು. ಮೇಲ್ಕಂಡ ಐತಿಹ್ಯವನ್ನು ಖಂಡಿಸುವ ಭರದಲ್ಲಿ ಶಾಂತಲೆ ಸಲ್ಲೇಖನವಿಧಿಯಿಂದ ದೇಹವಿಟ್ಟಳೆಂದು ನಿಶ್ಚಯವಾಗಿ ಹೇಳುವವರೂ ಉಂಟು. ಶಾಸನದಲ್ಲಿ ಆಕೆಯ ವಿಷಯಕ್ಕೆ ಬಳಕೆಯಾಗಿರುವ 'ಮುಡಿಪಿ' ಎಂಬ ಮಾತು ಅವರಿಗೆ ಆಧಾರ. ಚಂದ್ರಗಿರಿಯ ಪ್ರಾಚೀನ ನಿಸಿದಿ ಶಾಸನಗಳಲ್ಲಿ ವ್ರತಪೂರ್ವಕ ಮರಣಕ್ಕೆ 'ನೋಂತು ಮುಡಿಪು' ಎಂಬ ಪ್ರಯೋಗ ಇರುವುದು ನಿಜ. ಆದರೆ ಅಲ್ಲಿ ವ್ರತವನ್ನು ತಿಳಿಸುವ ಪದ 'ನೋಂತು' ಎಂಬುದೇ. 'ಮುಡಿಪು' ಎಂಬುದಕ್ಕೆ ಮುಗಿಸು, ಮರಣಹೊಂದು ಎಂಬಷ್ಟೇ ಅರ್ಥ. ಅದೇ ಶಾಸನ ತಾಯಿಯ ವಿಷಯದಲ್ಲಿ ವ್ರತ, ಅನಶನದ ಅವಧಿ, ಗುರುಸಾನ್ನಿಧ್ಯ, ಮಂತ್ರಸ್ಮರಣೆ ಇವೆಲ್ಲವನ್ನೂ ವಿವರವಾಗಿ ತಿಳಿಸುತ್ತದೆ. ಮಗಳ ವಿಷಯದಲ್ಲಿ ತಿಥಿ, ಸ್ಥಳ, ಸ್ವರ್ಗಪ್ರಾಪ್ತಿ ಇಷ್ಟನ್ನೇ ಹೇಳಿ ನಿಲ್ಲುತ್ತದೆ. ಒಂದೇ ಕಲ್ಲಿನ ಮೇಲಿನ ಈ ವ್ಯತ್ಯಾಸವನ್ನು ಕಡೆಗಣಿಸಲಾಗದು. ಶಾಂತಲೆ ಸಲ್ಲೇಖನ ಕೈಗೊಂಡಿರಬಹುದು, ರೋಗದಿಂದ ತೀರಿಕೊಂಡಿರಬಹುದು, ಶಾಸನ ಹೇಳಿಲ್ಲ. ಜೈನ ರಾಣಿ ಶೈವಕ್ಷೇತ್ರದಲ್ಲಿ ಕೊನೆಯುಸಿರೆಳೆದ ಕಾರಣವೂ ಅದರಲ್ಲಿಲ್ಲ. ಅಲ್ಲಿ ಪಾಠ ತ್ರುಟಿತ. ಕಾದಂಬರಿಕಾರನು ಅದನ್ನು ತುಂಬಲಿ. ನಾವು ತುಂಬಿದರೆ ಕಂಸವನ್ನು ಹಾಕಲೇಬೇಕು.

ವಿಷ್ಣುವರ್ಧನನ ಮತಾಂತರದ ವಿಷಯದಲ್ಲಿಯೂ ಇದೇ ನ್ಯಾಯ. ರಾಮಾನುಜಾಚಾರ್ಯರ ಪ್ರಭಾವದಿಂದ ಅರಸನು ಜಿನಧರ್ಮವನ್ನು ತೊರೆದನೆಂಬ ಶ್ರೀವೈಷ್ಣವ ಕಥನವೊಂದು. ಅನಂತರ ಆತನು ಬಸದಿಗಳನ್ನು ಹಾಳುಮಾಡಿದನೆಂದೂ ಆ ಪಾಪಕ್ಕೆ ಭೂಮಿಯೇ ಬಿರಿಯಿತೆಂದೂ ಹೇಳುವ ಜೈನ ಐತಿಹ್ಯ ಮತ್ತೊಂದು. ಎರಡೂ ಬಹುಕಾಲದ ಅನಂತರ ಬರೆಹಕ್ಕಿಳಿದವು. ಸಮಕಾಲೀನ ಶಾಸನಗಳ ಅರಸ ಬೇರೆಯೇ. ಜಿನಭಕ್ತನಾದ ಗಂಗರಾಜನು ಕೊನೆಯವರೆಗೂ ಆತನ ಮಹಾಪ್ರಧಾನ. ೧೧೩೩ರಲ್ಲಿ ಗಂಗರಾಜನ ಮಗ ಬೊಪ್ಪನು ತಂದೆಯ ನೆನಪಿಗೆ ದೋರಸಮುದ್ರದಲ್ಲಿ ಪಾರ್ಶ್ವನಾಥ ಬಸದಿಯನ್ನು ಮಾಡಿಸಿದಾಗ, ಅದರ ಗಂಧೋದಕ ಶೇಷೆಗಳನ್ನು ಬಂಕಾಪುರದಲ್ಲಿದ್ದ ಅರಸನು ಭಕ್ತಿಯಿಂದ ಸ್ವೀಕರಿಸಿ, ದೇವರಿಗೆ ವಿಜಯಪಾರ್ಶ್ವನೆಂದೂ ಆಗತಾನೆ ಹುಟ್ಟಿದ ಕುಮಾರನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು. ಬಸದಿಗಳನ್ನು ಕೆಡವಿದ ಅರಸನನ್ನು ಚಿತ್ರಿಸುವ ಕಾದಂಬರಿಕಾರನು ಈ ಶಾಸನವನ್ನು ದಾಟಿ ಹೋಗಬೇಕಾಗುತ್ತದೆ. ಆತನನ್ನು ಆಕ್ಷೇಪಿಸುವ ಮೊದಲು, ಅದೇ ಕಥೆಯನ್ನು ನಮ್ಮ ಐತಿಹ್ಯಗ್ರಂಥಗಳಿಂದ ಆಯ್ದು ಇತಿಹಾಸವೆಂದು ಬೋಧಿಸಿದವರು ಯಾರೆಂಬುದನ್ನೂ ವಿಚಾರಿಸಬೇಕು.

ಆದುದರಿಂದ ಈ ವಿಷಯದಲ್ಲಿ ನಿರ್ಣಯ ಇಷ್ಟು. ಪ್ರಮಾಣ ಮೌನವಾಗಿರುವೆಡೆ ಕಾದಂಬರಿಕಾರನು ಸ್ವತಂತ್ರ. ಅಲ್ಲಿ ಆತನನ್ನು ಅಳೆಯುವ ಮಾನದಂಡ ಔಚಿತ್ಯ. ಪ್ರಮಾಣ ನುಡಿದಿರುವೆಡೆ ಆತನು ಅದಕ್ಕೆ ಬದ್ಧನು. ಮೀರಲೇಬೇಕೆಂದಾದರೆ ಪಂಪನಂತೆ ಮೊದಲೇ ಹೇಳಿ ಮೀರಬೇಕು. ಕಥೆಯೊಳಗೆ ಕಂಸಕ್ಕೆ ಎಡೆಯಿಲ್ಲದಿದ್ದರೂ ಮುನ್ನುಡಿಯಲ್ಲಿ ಎಡೆಯಿದೆ. ಇಂಥ ಪಾತ್ರ ಶಾಸನೋಕ್ತ, ಇಂಥ ಪ್ರಸಂಗ ಕಲ್ಪಿತ, ಇಂಥದು ಜನಶ್ರುತಿ ಎಂದು ಎರಡು ಪುಟಗಳಲ್ಲಿ ತಿಳಿಸಿದರೆ ಕಲೆಗೆ ಕುಂದಿಲ್ಲ, ಓದುಗನಿಗೆ ಉಪಕಾರವಿದೆ. ಕಾದಂಬರಿಕಾರನು ಅದನ್ನು ಮಾಡದಿದ್ದರೆ ಆ ಕಾರ್ಯ ಸಂಶೋಧಕರ ಪಾಲಿಗೆ ಬರುತ್ತದೆ. ಚಾರಿತ್ರಿಕ ಕಾದಂಬರಿಗಳು ಪ್ರಕಟವಾದಾಗ ಅವುಗಳನ್ನು ಅಲಕ್ಷಿಸುವುದೋ ಬರಿದೆ ಹಳಿಯುವುದೋ ಸಂಶೋಧನ ಪತ್ರಿಕೆಗಳಿಗೆ ತಕ್ಕುದಲ್ಲ. ಶಾಸನಪಾಠವನ್ನು ಪಕ್ಕದಲ್ಲಿರಿಸಿಕೊಂಡು ಅವುಗಳನ್ನು ಓದಿ, ಪಾಠವೆಷ್ಟು ಪೂರಣವೆಷ್ಟು ಎಂಬುದನ್ನು ದಾಖಲಿಸಬೇಕು. ಶಾಂತಲದೇವಿಯ ಕೊನೆಯ ದಿನವನ್ನು ಬೋಕಿಮಯ್ಯನು ಕೆಲವೇ ಮಾತುಗಳಲ್ಲಿ ಬರೆದು ನಿಲ್ಲಿಸಿದ್ದಾನೆ. ಆ ಕೆಲವು ಮಾತುಗಳಿಗೆ ನಾವಾಗಿ ಯಾವುದನ್ನೂ ಸೇರಿಸದೆ ಉಳಿಸಿಕೊಳ್ಳುವುದು ಆ ರಾಣಿಗೆ ವಿದ್ವಾಂಸರು ಸಲ್ಲಿಸಬೇಕಾದ ಗೌರವ.