ಅಂಚು ಮರೆತ ಹೆದ್ದಾರಿ

ಅರಸೀಕೆರೆ ತಾಲ್ಲೂಕಿನ ಬಾಣಾವರದಲ್ಲಿ ನಿಂತರೆ ನಮ್ಮ ರಸ್ತೆಗಳ ಜಾತಿಪದ್ಧತಿ ಒಂದೇ ನೋಟಕ್ಕೆ ಸಿಗುತ್ತದೆ. ತುಮಕೂರು, ಅರಸೀಕೆರೆ ಕಡೆಯಿಂದ ಬಂದು ಶಿವಮೊಗ್ಗಕ್ಕೆ ಹೋಗುವುದು ಚತುಷ್ಪಥ ಯೋಜನೆಯ ದಾರಿ. ಜಾವಗಲ್, ಹಳೇಬೀಡು, ಬೇಲೂರು ಕಡೆಗೆ ಹೊರಳುವುದು ಎರಡು ಲೇನಿನ ರಾಷ್ಟ್ರೀಯ ಹೆದ್ದಾರಿ. ಮೊದಲು 234 ಆಗಿದ್ದದ್ದು 2010ರಲ್ಲಿ ಸಂಖ್ಯೆಗಳನ್ನೆಲ್ಲ ಬದಲಿಸಿದಾಗ 73 ಆಯಿತು. ಇವೆರಡರಿಂದ ಕವಲೊಡೆದು ತೆಂಗಿನ ತೋಟಗಳೊಳಗೆ ನುಗ್ಗುವವು ಗ್ರಾವೆಲ್ ರಸ್ತೆಗಳು. ಅವುಗಳಲ್ಲಿ ಕೆಲವಕ್ಕೆ ಡಾಂಬರು ಬಂದಿದೆ, ಕೆಲವಕ್ಕೆ ಬಂದು ಹೋಗಿದೆ.

ಡಾಂಬರು ಬೇಡ ಎನ್ನುವವರು ಈ ಸೀಮೆಯಲ್ಲಿ ಯಾರೂ ಸಿಗುವುದಿಲ್ಲ. ಬೇಸಿಗೆಯಲ್ಲಿ ಲಾರಿ ಹೋದ ಮೇಲೆ ಅಡುಗೆಮನೆಯ ಪಾತ್ರೆಯವರೆಗೂ ಕೂರುವ ಕೆಂಧೂಳು, ಮಳೆಗಾಲದಲ್ಲಿ ಊರ ಹೊರಗೇ ನಿಂತುಬಿಡುವ ಬಸ್ಸು, ಹೆರಿಗೆ ನೋವಿನವಳನ್ನು ಹಾಸನಕ್ಕೆ ಸಾಗಿಸುವ ಪಾಡು, ಇವನ್ನು ಕಂಡವರಿಗೆ ಮಣ್ಣು ರಸ್ತೆಯ ಸೊಬಗಿನ ಬಗ್ಗೆ ಭಾಷಣ ಬೇಕಿಲ್ಲ. ಕೊಬ್ಬರಿ ಮಾರುಕಟ್ಟೆಗೆ, ಹಾಲು ಡೇರಿಗೆ ಹೊತ್ತಿಗೆ ಸರಿಯಾಗಿ ತಲುಪಬೇಕು. 2000ದ ಡಿಸೆಂಬರಿನಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ, ಆಮೇಲೆ ರಾಜ್ಯದ ‘ನಮ್ಮ ಗ್ರಾಮ ನಮ್ಮ ರಸ್ತೆ’ ಮಾಡಿದ ಉಪಕಾರ ಸಣ್ಣದಲ್ಲ.

ಹೆದ್ದಾರಿಯ ಅಗತ್ಯವನ್ನೂ ಅಲ್ಲಗಳೆಯಲಾಗದು. 2018ರಲ್ಲಿ ಕಾಂಕ್ರೀಟ್ ಕೆಲಸಕ್ಕೆಂದು ಶಿರಾಡಿ ಘಾಟಿ ಮುಚ್ಚಿದಾಗ ಮಂಗಳೂರಿನ ಸಣ್ಣ ವಾಹನಗಳಿಗೆ ಇದೇ 73ರ ಚಾರ್ಮಾಡಿ ಘಾಟಿಯೇ ಗತಿಯಾಗಿತ್ತು. ಮರುವರ್ಷದ ಆಗಸ್ಟ್ ಮಳೆಗೆ ಚಾರ್ಮಾಡಿಯೇ ಕುಸಿಯಿತು, ಆ ಮಾತು ಬೇರೆ.

ನನ್ನ ತಕರಾರು ಇರುವುದು ಈ ರಸ್ತೆಗಳನ್ನು ನಾವು ಅಳೆಯುವ ಕ್ರಮದ ಮೇಲೆ. ಎಂಜಿನಿಯರರ ಎಂ.ಬಿ. ಎಂಬ ಅಳತೆ ಪುಸ್ತಕಕ್ಕೆ ಹತ್ತುವುದು ಉದ್ದ, ಅಗಲ, ದಪ್ಪ. ಹಳ್ಳಿ ರಸ್ತೆಗೆ 3.75 ಮೀಟರ್ ಡಾಂಬರು. ಎರಡು ಲೇನಿನ ಹೆದ್ದಾರಿಗೆ 7 ಮೀಟರ್, ಎರಡೂ ಬದಿ ಒಂದೂವರೆ ಮೀಟರ್ ಗಟ್ಟಿ ಮಾಡಿದರೆ 10. ಉದ್ಘಾಟನೆಯ ಭಾಷಣವೂ ಇದೇ ಲೆಕ್ಕ ಒಪ್ಪಿಸುತ್ತದೆ. ರಸ್ತೆ ಉಳಿಯುವುದೋ ಕೆಡುವುದೋ ಎಂಬುದು ತೀರ್ಮಾನವಾಗುವುದು ಮಾತ್ರ ಡಾಂಬರು ಮುಗಿದ ಮೇಲಿನ ಒಂದು ಮಾರು ಜಾಗದಲ್ಲಿ.

ಇಲ್ಲಿನ ನೆಲ ನೋಡಿ. ಬೇಲೂರಿನ ಯಗಚಿ ಹೇಮಾವತಿಯನ್ನು ಸೇರಿ ಕಾವೇರಿಗೆ ಹೋಗುತ್ತದೆ. ಬಾಣಾವರ ಕಡೆಯ ಹಳ್ಳಗಳು ವೇದಾವತಿಗಿಳಿದು, ವಾಣಿವಿಲಾಸ ಸಾಗರದ ಮೂಲಕ ಕೃಷ್ಣೆಯ ಪಾಲಾಗುತ್ತವೆ. ಬೇಲೂರಿಂದ ಬಾಣಾವರಕ್ಕೆ ಬರುವಷ್ಟರಲ್ಲಿ ರಸ್ತೆ ಒಂದು ನದಿಯ ನೀರನ್ನು ಬಿಟ್ಟು ಇನ್ನೊಂದರ ನೀರಿಗೆ ಬಂದಿರುತ್ತದೆ. ಇಳಿಜಾರಿನುದ್ದಕ್ಕೂ ಒಂದು ಕೆರೆಯ ಕೋಡಿ ಮುಂದಿನ ಕೆರೆಯನ್ನು ತುಂಬಿಸುವ ಏರ್ಪಾಡು. ಅರಸೀಕೆರೆಯಂಥ ಬರದ ತಾಲ್ಲೂಕಿನಲ್ಲಿ ವರ್ಷದ ಒಳ್ಳೆ ಮಳೆ ಎಂದರೆ ನಾಲ್ಕಾರು ಜೋರು ಸುರಿತ, ಅಷ್ಟೆ. ಆ ನೀರು ತಡೆಯಿಲ್ಲದೆ ಕೆರೆ ಮುಟ್ಟಬೇಕು.

ಹಳೆಯ ಗ್ರಾವೆಲ್ ರಸ್ತೆ ನೆಲಮಟ್ಟದಲ್ಲಿತ್ತು. ಹಳ್ಳ ಬಂದರೆ ಅದರ ಮೇಲೆಯೇ ಹರಿಯುತ್ತಿತ್ತು, ಜನ ಅರ್ಧ ದಿನ ಕಾದು, ಪಂಚೆ ಎತ್ತಿ ಕಟ್ಟಿ ದಾಟುತ್ತಿದ್ದರು. ಮೇಲ್ದರ್ಜೆಗೆ ಏರಿಸುವಾಗ ಮಣ್ಣು, ಜಲ್ಲಿ, ಡಾಂಬರು ಒಂದರ ಮೇಲೊಂದು ಬಿದ್ದು ರಸ್ತೆ ಒಂದೆರಡು ಅಡಿ ಮೇಲೇಳುತ್ತದೆ. ಮೋರಿ ಸಾಕಷ್ಟಿಲ್ಲದಿದ್ದರೆ ಅದು ತೂಬಿಲ್ಲದ ಕೆರೆ ಏರಿ. ಮೇಲಿನ ಹೊಲದಲ್ಲಿ ನೀರು ನಿಂತು ರಾಗಿ ಕೊಳೆಯುತ್ತದೆ, ಕೆಳಗಿನ ಕೆರೆ ಒಣಗಿಯೇ ಇರುತ್ತದೆ. ಊರೊಳಗಂತೂ ಹೊಸ್ತಿಲುಗಳು ರಸ್ತೆಗಿಂತ ತಗ್ಗಾಗಿ ಮಳೆನೀರು ನಡುಮನೆಗೇ ಬರುತ್ತದೆ. ಒಂದೋ ಎರಡೋ ಹ್ಯೂಮ್ ಪೈಪ್ ಹಾಕಿದ್ದರೂ ಎರಡೇ ಮಳೆಗಾಲಕ್ಕೆ ಹೂಳು, ತೆಂಗಿನ ಗರಿ, ಪ್ಲಾಸ್ಟಿಕ್ ಸೇರಿ ಅವು ಕಟ್ಟಿಕೊಳ್ಳುತ್ತವೆ. ಅಂಚಿನ ಮಣ್ಣು ಡಾಂಬರಿಗಿಂತ ಎತ್ತರವಾದರೆ ನೀರು ಮೇಲೆಯೇ ತಂಗಿ ಜಲ್ಲಿಯನ್ನು ಸಡಿಲಿಸುತ್ತದೆ. ಗುಂಡಿಯ ಬಗ್ಗೆ ಬೈಯುವಾಗ ಎಲ್ಲರೂ ಡಾಂಬರಿನ ಕಳಪೆಯನ್ನು ಹಿಡಿದುಕೊಳ್ಳುತ್ತಾರೆ. ಎಷ್ಟೋ ಸಲ ತಪ್ಪು ಚರಂಡಿಯದು.

ಅಂಚಿನ ಇನ್ನೊಂದು ನಷ್ಟ ನೆರಳು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಿಂದ ರಸ್ತೆ ಎಂದರೆ ಸಾಲುಮರವೂ ಸೇರಿದ್ದು. ರಸ್ತೆ ಅಗಲವಾದಲ್ಲೆಲ್ಲ ಮೊದಲು ಕೊಡಲಿ ಬೀಳುವುದು ಅವಕ್ಕೆ. 2015ರ ಹಸಿರು ಹೆದ್ದಾರಿ ನೀತಿ ಯೋಜನಾ ವೆಚ್ಚದ ಶೇ 1ರಷ್ಟನ್ನು ಗಿಡಗಳಿಗೆಂದು ತೆಗೆದಿಡುತ್ತದೆ. ಚತುಷ್ಪಥಗಳ ನಡುವೆ ಕಣಗಿಲೆ, ಕಾಗದದ ಹೂವು ಚೆನ್ನಾಗಿಯೇ ಅರಳುತ್ತವೆ; ಎದುರು ವಾಹನದ ಬೆಳಕನ್ನೂ ಮರೆ ಮಾಡುತ್ತವೆ. ಬಸ್ಸಿಗೆ ಕಾಯುವ ಅಜ್ಜಿಗೆ ಅದರಿಂದ ಬರುವ ನೆರಳು ಎಷ್ಟು?

ರಾಗಿ, ಹುರುಳಿ ಕೊಯ್ಲಿನ ತಿಂಗಳುಗಳಲ್ಲಿ ಇದೇ ಡಾಂಬರಿನ ಮೇಲೆ ಒಕ್ಕಣೆ ನಡೆಯುತ್ತದೆ. ಹುಲ್ಲಿನ ಮೇಲೆ ಬೈಕ್ ಜಾರಿ ಕೈಕಾಲು ಮುರಿದುಕೊಂಡವರಿದ್ದಾರೆ, ಪೊಲೀಸರು ಎಚ್ಚರಿಸುತ್ತಲೇ ಇರುತ್ತಾರೆ. ನಾನಿದನ್ನು ಸಮರ್ಥಿಸಲಾರೆ. ಆದರೆ ಹಿಂದಿನ ಕಣಗಳು ಹಂಚಿಕೆಯಾಗಿ, ತೋಟವಾಗಿ ಹೋದ ಮೇಲೆ ರೈತನಿಗೆ ಉಳಿದ ಗಟ್ಟಿ, ಚೊಕ್ಕ ನೆಲ ಇದೊಂದೇ. ಉದ್ಯೋಗ ಖಾತರಿಯಲ್ಲಿ ಒಕ್ಕಣೆ ಕಣ ಕಟ್ಟಿಸಲು ಅವಕಾಶವಿದೆ. ರಸ್ತೆಯ ಅಂದಾಜುಪಟ್ಟಿ ಬರೆಯುವವರೂ ಕಣದ ಅಂದಾಜು ಬರೆಯುವವರೂ ಬೇರೆ ಬೇರೆ ಕಚೇರಿಯಲ್ಲಿ ಕೂತಿರುವುದರಿಂದ ಈ ಎರಡು ಕಡತಗಳು ಭೇಟಿಯಾಗುವುದಿಲ್ಲ.

ಹಳೇಬೀಡಿನಲ್ಲಿ ಅಂಚಿನ ಈ ಪ್ರಶ್ನೆ ಬೇರೆ ರೂಪ ತಾಳುತ್ತದೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ ಎಂಬ ಕಾನೂನು ಗುಡಿಯನ್ನು ಕಾಯುತ್ತದೆ. ಹಳೇಬೀಡು, ಅಂದರೆ ಅಂದಿನ ದೋರಸಮುದ್ರ, ಬರೀ ಗುಡಿಯಲ್ಲ; ಕೆರೆ, ಕೋಟೆಯ ಉಳಿಕೆ, ಬಸದಿಗಳ ಇಡೀ ಹೊಯ್ಸಳ ರಾಜಧಾನಿ. ಮೀಟರಿನ ವೃತ್ತಗಳಿಗೆ ಆ ಪಟ್ಟಣದ ಆಕಾರ ಕಾಣುವುದಿಲ್ಲ. ಹೊಯ್ಸಳೇಶ್ವರನ ಮುಂದೆ ಇಳಿಯುವ ಪ್ರವಾಸಿಗೂ ಅಷ್ಟೆ, ನುಣುಪು ರಸ್ತೆಯಲ್ಲಿ ಬಂದು ಅದೇ ವೇಗದಲ್ಲಿ ಬೇಲೂರಿಗೆ ಹೋಗುತ್ತಾನೆ. ಜಾವಗಲ್ಲಿನ ಲಕ್ಷ್ಮೀನರಸಿಂಹ, ಅರಸೀಕೆರೆಯ ಶಿವಾಲಯ, ಹಾರನಹಳ್ಳಿಯ ಜೋಡಿ ಗುಡಿಗಳು ಕಾರಿನ ಕಿಟಕಿಯಲ್ಲಿ ಹಾದುಹೋಗುವ ಬೋರ್ಡುಗಳಷ್ಟೇ.

ಬೇಲೂರಿನ ಮದನಿಕೆಯರ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ಗ್ರಾಮ ಸಡಕ್ ರಸ್ತೆಗಳ ತುದಿಯಲ್ಲೂ ಫಲಕವಿದೆ: ಗುತ್ತಿಗೆದಾರರ ಹೆಸರು, ಉದ್ದ, ವೆಚ್ಚ, ಐದು ವರ್ಷದ ನಿರ್ವಹಣೆ. ಹೆಸರು ಹಾಕಿ ಹೊಣೆ ಹೊರಿಸುವ ಈ ಪದ್ಧತಿ ಆ ಯೋಜನೆಯ ಅತ್ಯುತ್ತಮ ಅಂಶ. ಅದೇ ಫಲಕದಲ್ಲಿ ಮೋರಿಗಳೆಷ್ಟು, ಮುಂಗಾರಿಗೆ ಮುಂಚೆ ಅವುಗಳ ಹೂಳು ತೆಗೆಯಬೇಕಾದವರು ಯಾರು ಎಂದು ಇನ್ನೆರಡು ಸಾಲು ಸೇರಿಸಿದರೆ ಬಣ್ಣದ ಖರ್ಚೇನೂ ಹೆಚ್ಚಾಗದು.