ಹರಿಗೋಲಿನ ಪಯಣ: ರಸಿಕರಿಗೊಂದು ಕೈಪಿಡಿ

ಹರಿಗೋಲು ಎಂದರೆ ಸೀಳಿದ ಬಿದಿರನ್ನು ಬುಟ್ಟಿಯಂತೆ ಹೆಣೆದು, ಹೊರಮೈಗೆ ನೀರಿಳಿಯದ ಹೊದಿಕೆ ಹಾಕಿದ ದುಂಡನೆಯ ದೋಣಿ. ಹಿಂದೆ ತೊಗಲಿನದಾಗಿದ್ದ ಈ ಹೊದಿಕೆಯ ಜಾಗಕ್ಕೆ ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿವೆ. ಮಳೆಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ಸೊರಗುವ ಹಳ್ಳಗಳ ಸೀಮೆಯಾದ ಹಳ್ಳಿಖೇಡ (ಬಿ), ಹುಮನಾಬಾದ್, ಬಸವಕಲ್ಯಾಣಗಳಿಂದ ಹಂಪಿಗೆ ಹೋಗುವವರಿಗೆ ತುಂಗಭದ್ರೆಯ ಹರಿಗೋಲು ಹೊಸತೆನಿಸಬಹುದಾದರೂ, ಅಂಬಿಗನ ಕಾಯಕ ಆ ನೆಲಕ್ಕೆ ಹೊಸತಲ್ಲ. 12ನೇ ಶತಮಾನದ ಕಲ್ಯಾಣದ ಶರಣರಲ್ಲಿ ಒಬ್ಬನಾದ ಅಂಬಿಗರ ಚೌಡಯ್ಯನು ತನ್ನ ವಚನಗಳಿಗೆ ದೇವರ ಹೆಸರಿನ ಬದಲು ಕಾಯಕವನ್ನು ಸಾರುವ ತನ್ನ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡವನು.

ಹರಿಗೋಲಿನ ಸೊಗಸನ್ನು ಅರಿಯಬೇಕಾದರೆ ಮೊದಲು ಅದರ ಆಕಾರವನ್ನು ಗಮನಿಸಬೇಕು. ಇಂಗ್ಲೆಂಡಿನ ಹಳ್ಳಿಗಾಡಿನ ಕಾಲುವೆಗಳಲ್ಲಿ ಬಾಗಿಲುಗಟ್ಟೆಗಳು ನೀರನ್ನು ಮಟ್ಟಸವಾಗಿ ಹಿಡಿದಿಡುವುದರಿಂದ ಸೆಳವು ಇಲ್ಲವೆನ್ನುವಷ್ಟು ಕಡಿಮೆ, ಅಲ್ಲಿ ತೇಲುವ ಕೆನೂ ದೋಣಿಯ ಮೈಯೂ ಉದ್ದವಾಗಿ ಚೂಪಾಗಿರುವುದರಿಂದ ಅದು ಒಂದೇ ಜಾಡಿನಲ್ಲಿ ಸಾಗಬಲ್ಲದು. ಹರಿಗೋಲಿಗಾದರೋ ಮುಂದು ಹಿಂದು ಎಂಬುದಿಲ್ಲ, ತಳದಲ್ಲಿ ನೀರನ್ನು ಸೀಳುವ ಏಣೂ ಇಲ್ಲ; ಪಕ್ಕದಲ್ಲಿ ಹುಟ್ಟು ಹಾಕಿದರೆ, ಎಂದರೆ ನೀರು ತಳ್ಳುವ ಹಲಗೆಗೋಲನ್ನು ಆಡಿಸಿದರೆ, ಅದು ಮುಂದೆ ಸಾಗದೆ ತನ್ನ ಸುತ್ತಲೇ ತಿರುಗುತ್ತದೆ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಹದಿನೈದಿಪ್ಪತ್ತು ಮಂದಿಯನ್ನು ಹೊರುವ ಈ ದೋಣಿಗಳು ಸದಾ ಸುತ್ತುತ್ತಲೇ ಇರುತ್ತವೆ, ಬೇರೆ ದೋಣಿಗಳಂತೆ ನೇರವಾಗಿ ಹೋಗಲಾರವು ಎಂದು ಬರೆದಿಟ್ಟಿದ್ದಾನೆ.

ಪಾಯೆಸ್ ಕಂಡ ಈ ಕೊರತೆಯನ್ನು ಮೀರುವುದರಲ್ಲೇ ಅಂಬಿಗನ ವಿದ್ಯೆಯಿದೆ. ನುರಿತ ಅಂಬಿಗನು ಸಾಗಬೇಕಾದ ದಿಕ್ಕಿನ ಅಂಚಿಗೆ ಬಂದು, ಹುಟ್ಟನ್ನು ಮುಂದೆ ಚಾಚಿ ನೀರಿನಲ್ಲಿಳಿಸಿ ತನ್ನತ್ತ ಎಳೆದುಕೊಳ್ಳುತ್ತಾನೆ. ಹೀಗೆಳೆಯುವಾಗಲೇ ಮಣಿಕಟ್ಟನ್ನು ಎಡಕ್ಕೂ ಬಲಕ್ಕೂ ತಿರುವುತ್ತ, ದೋಣಿಯು ಸುತ್ತಲು ಹವಣಿಸುವುದನ್ನು ತಡೆಯುತ್ತಾನೆ. ಹೊಸಬರು ದಡದ ನೋಟಕ್ಕೆ ಮರುಳಾಗುವ ಮೊದಲು ಈ ಕೈಚಳಕವನ್ನು ಸ್ವಲ್ಪ ಹೊತ್ತು ನೋಡಬೇಕು.

ಎರಡನೆಯದಾಗಿ ನೀರನ್ನು ಓದಲು ಕಲಿಯಬೇಕು. ನೀರು ಕಪ್ಪಾಗಿ ನಿಶ್ಚಲವಾಗಿ ಕಂಡರೆ ಅದು ಬಹುಮಟ್ಟಿಗೆ ಮಡು, ಎಂದರೆ ಆಳದ ಗುಂಡಿ. ಮೇಲ್ಮೈಯಲ್ಲಿ ಒಂದೆಡೆ ನೊರೆ ಏಳುತ್ತಿದ್ದರೆ ಅದರಡಿಯಲ್ಲಿ ಬಂಡೆಯಿರುವ ಸಂಭವ ಹೆಚ್ಚು. ಎರಡು ಬಂಡೆಗಳ ನಡುವೆ ಹೊಳೆ ಇಕ್ಕಟ್ಟಾದಲ್ಲಿ ಸೆಳವು ಬಿರುಸಾಗುತ್ತದೆ. ಹರಿಗೋಲಿನ ತಳ ಅಗಲವಾಗಿ ಚಪ್ಪಟೆಯಾಗಿರುವುದರಿಂದ ಅದು ತೆಳುನೀರಿನಲ್ಲೂ ತೇಲುತ್ತದೆ, ಕಲ್ಲಿಗೆ ತಾಗಿದರೆ ಬಿದಿರಿನ ಹೆಣಿಗೆ ಬಾಗಿ ಪೆಟ್ಟನ್ನು ತಾಳಿಕೊಳ್ಳುತ್ತದೆ. ಬಂಡೆಗಳ ಹೊಳೆಯಾದ ತುಂಗಭದ್ರೆಗೆ ಈ ದೋಣಿ ಒಗ್ಗಿಬಂದದ್ದು ಈ ಗುಣಗಳಿಂದಲೇ.

ಹಂಪಿಯಲ್ಲಿ ಚಕ್ರತೀರ್ಥದ ಬಳಿ, ಕೋದಂಡರಾಮ ದೇವಾಲಯದ ಎದುರಿನಿಂದ ಹೊರಟರೆ, ಬಂಡೆಯ ಮೇಲೆ ನೂರಾರು ಲಿಂಗಗಳನ್ನು ಸಾಲಾಗಿ ಕೆತ್ತಿರುವ ಕೋಟಿಲಿಂಗವನ್ನು ನೀರಿನ ಮಟ್ಟದಿಂದಲೇ ಕಾಣಬಹುದು; ಇನ್ನೂ ಕೆಳಗೆ ಪುರಂದರ ಮಂಟಪವೂ ಹಳೆಯ ಸೇತುವೆಯ ಕಲ್ಲುಕಂಬಗಳ ಸಾಲೂ ಎದುರಾಗುತ್ತವೆ. ದಡದಾಚೆಯ ಬಾಳೆ ಮತ್ತು ಭತ್ತದ ಗದ್ದೆಗಳಿಗೆ ವಿಜಯನಗರದ ಕಾಲದ ತುರ್ತು ಕಾಲುವೆ ಇಂದಿಗೂ ನೀರುಣಿಸುತ್ತಿದೆಯೆಂಬುದನ್ನು ತಿಳಿದು ನೋಡಿದರೆ, ಹೊಳೆ, ಕಾಲುವೆ, ಪಟ್ಟಣಗಳು ಒಂದೇ ಯೋಜನೆಯ ಅಂಗಗಳೆಂಬುದು ಮನವರಿಕೆಯಾಗುತ್ತದೆ.

ಹೊಳೆಯ ಮಟ್ಟವು ಮೇಲ್ಭಾಗದಲ್ಲಿ 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟೆಯಿಂದ ಬಿಡುವ ನೀರನ್ನು ಅವಲಂಬಿಸಿರುವುದರಿಂದ, ನವೆಂಬರಿನಿಂದ ಫೆಬ್ರುವರಿಯವರೆಗಿನ ಮುಂಜಾನೆಗಳು ಪಯಣಕ್ಕೆ ತಕ್ಕವು. ಪ್ರವಾಹದ ದಿನಗಳಲ್ಲಿ ಹರಿಗೋಲು ಹತ್ತಕೂಡದು, ಉಳಿದ ದಿನಗಳಲ್ಲೂ ಜೀವರಕ್ಷಕ ಅಂಗಿಯಿಲ್ಲದೆ ಕೂರಕೂಡದು. ಪ್ರವಾಸಿಗರ ಮೋಜಿಗೆಂದು ಹರಿಗೋಲನ್ನು ಗಿರಗಿರನೆ ತಿರುಗಿಸುವ ವಾಡಿಕೆ ಈಗ ಹೆಚ್ಚಾಗಿದೆ. ಆದರೆ ತಿರುಗುವುದು ಆ ದೋಣಿಯ ಸಹಜ ಗುಣ, ಅದನ್ನು ನೇರವಾಗಿ ನಡೆಸುವುದು ಅಂಬಿಗನ ವಿದ್ಯೆ. ನಿಜವಾದ ರಸಿಕರು ಅಂಬಿಗನನ್ನು ಕೇಳಿಕೊಳ್ಳಬೇಕಾದದ್ದು ಆ ವಿದ್ಯೆಯನ್ನು.